ಹಾಡು ಬಂತು, ಮಾತು ಬರಲಿಲ್ಲ: ಒಂದು ಜರ್ಮನ್ ನಗೆ ಆಪೆರಾ ಆಡಿಸಿದ ಪ್ರಕರಣ

ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನ ಹವ್ಯಾಸಿ ಹಾಡುಗಾರರ ತಂಡದಲ್ಲಿ ನಡೆದದ್ದು ಇದು. ಊರಿನ ಹೆಸರು ಬೇಡ, ತಂಡದ ಹೆಸರೂ ಬೇಡ. ಜನರನ್ನು ಅವರು ಮಾಡಿದ ಪಾತ್ರದ ಹೆಸರಿನಲ್ಲೇ ಕರೆಯುತ್ತೇನೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಅಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಬಾಸ್, ಅಂದರೆ ಗಂಡಸರ ತಗ್ಗು ದನಿ, ಹಾಡುವವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ. ಅದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಮಾತು ಮತ್ತು ಹಾಡು ಎರಡೂ ಇರುವ ಆಟವನ್ನು ಸಣ್ಣ ತಂಡ ಕಟ್ಟಿಕೊಂಡು ಆಡಿಸಲು ಹೊರಟವರಿಗೆ ಇದು ಉಪಯೋಗಕ್ಕೆ ಬರಬಹುದು. ನಮ್ಮ ತಪ್ಪುಗಳನ್ನು ಮುಚ್ಚಿಡದೆ ಬರೆದಿದ್ದೇನೆ.

ಹಿನ್ನೆಲೆ

ಹಿಂದಿನ ಎರಡು ವರ್ಷ ಚರ್ಚಿನಲ್ಲಿ ಗಂಭೀರವಾದದ್ದನ್ನೇ ಹಾಡಿ ಎಲ್ಲರಿಗೂ ಸಾಕಾಗಿತ್ತು. ಈ ಸಲ ಜನ ನಗಬೇಕು ಅಂತ ತೀರ್ಮಾನವಾಯಿತು. ಚಿಕ್ಕದಾಗಿರಬೇಕು, ಖರ್ಚು ಕಡಿಮೆ ಇರಬೇಕು, ಶಾಲೆಯ ಹಾಲ್‌ನಲ್ಲಿ ಆಡುವಂತಿರಬೇಕು. ನಮ್ಮ ಕಂಡಕ್ಟರ್ (ಬಸ್ಸಿನವರಲ್ಲ, ಕೋಲು ಹಿಡಿದು ವಾದ್ಯದವರನ್ನು ನಡೆಸುವವರು) ಒಂದು ಹೆಸರು ಹೇಳಿದರು: ಜರ್ಮನ್ ಸಂಗೀತ ರಚನಕಾರ ಕಾರ್ಲ್ ಮರಿಯಾ ಫಾನ್ ವೇಬರ್‌ನ ‘ಅಬು ಹಸನ್’.

ವೇಬರ್ ಅಂದರೆ ಎಲ್ಲರಿಗೂ ನೆನಪಾಗುವುದು 1821ರಲ್ಲಿ ಬರ್ಲಿನ್‌ನಲ್ಲಿ ಮೊದಲು ಆಡಿದ ‘ಡೆರ್ ಫ್ರೈಷುಟ್ಸ್’. ಅದಕ್ಕಿಂತ ಹತ್ತು ವರ್ಷ ಹಿಂದೆ, ಇನ್ನೂ 24ರ ಹುಡುಗನಾಗಿದ್ದಾಗ, ಈ ಒಂದಂಕದ ನಗೆ ಆಟ ಬರೆದಿದ್ದ. 1811ರ ಜೂನ್ 4ರಂದು ಮ್ಯೂನಿಕ್‌ನ ಅರಮನೆ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಮಾತು ಬರೆದುಕೊಟ್ಟವನು ಸ್ಟುಟ್‌ಗಾರ್ಟ್‌ನ ಫ್ರಾಂಟ್ಸ್ ಕಾರ್ಲ್ ಹೀಮರ್. ಕತೆ ಅರೇಬಿಯನ್ ನೈಟ್ಸ್‌ನದ್ದು, ನಡೆಯುವುದು ಬಾಗ್ದಾದಿನಲ್ಲಿ.

ಆಪೆರಾ ಅಂದರೆ ವಾದ್ಯದವರ ಜೊತೆ ಹಾಡುತ್ತ ಆಡುವ ನಾಟಕ. ಈ ಜಾತಿಯ ಆಪೆರಾಕ್ಕೆ ಜರ್ಮನ್‌ನಲ್ಲಿ ಜಿಂಗ್‌ಷ್ಪೀಲ್ ಅನ್ನುತ್ತಾರೆ. ಜಿಂಗ್ ಅಂದರೆ ಹಾಡು, ಷ್ಪೀಲ್ ಅಂದರೆ ಆಟ. ನಮ್ಮ ಕಡೆ ಯಕ್ಷಗಾನಕ್ಕೂ ಆಟ ಅಂತಲೇ ಹೇಳುವುದು. ಇಟಲಿಯ ಆಪೆರಾದಲ್ಲಿ ‘ಬಾಗಿಲು ತೆಗಿ’ ಅನ್ನುವುದನ್ನೂ ರಾಗದಲ್ಲೇ ಹೇಳುತ್ತಾರೆ. ಜಿಂಗ್‌ಷ್ಪೀಲ್‌ನಲ್ಲಿ ಹಾಗಲ್ಲ. ಹಾಡು ಮುಗಿಯಿತು, ವಾದ್ಯ ನಿಂತಿತು, ಪಾತ್ರಗಳು ಸುಮ್ನೆ ಮಾತಾಡುತ್ತವೆ. ಆಮೇಲೆ ಮತ್ತೆ ಹಾಡು. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮೊಜಾರ್ಟ್ 1782ರಲ್ಲಿ ಬರೆದ ತುರ್ಕಿ ಅಂತಃಪುರದ ಆಪೆರಾದಲ್ಲಂತೂ ಪಾಷಾ ಸೆಲೀಮ್ ಅನ್ನುವ ಮುಖ್ಯ ಪಾತ್ರ ಒಂದು ಸ್ವರವನ್ನೂ ಹಾಡುವುದಿಲ್ಲ, ಬರೀ ಮಾತು.

‘ಅಬು ಹಸನ್’ನಲ್ಲಿ ಹಾಡುವ ಪಾತ್ರ ಮೂರೇ: ಹಸನ್ (ಟೆನರ್, ಗಂಡಸರ ಎತ್ತರದ ದನಿ), ಅವನ ಹೆಂಡತಿ ಫಾತಿಮೆ (ಸೊಪ್ರಾನೊ, ಹೆಂಗಸರ ಎತ್ತರದ ದನಿ), ಬಡ್ಡಿ ವ್ಯವಹಾರದ ಓಮರ್ (ಬಾಸ್). ಜೊತೆಗೆ ಸಾಲಗಾರರ ಮೇಳ, ಅಂದರೆ ಸಾಲ ಕೊಟ್ಟು ವಸೂಲಿಗೆ ಬಂದವರ ಗುಂಪು. ಖಲೀಫ ಹಾರೂನ್ ಅಲ್ ರಶೀದ್, ಅವನ ಬೇಗಂ ಜೊಬೈದೆ, ಅವರಿಬ್ಬರ ಆಪ್ತರಾದ ಮೆಸ್ರೂರ್ ಮತ್ತು ಜೆಮ್ರೂದ್, ಈ ನಾಲ್ವರು ಮಾತಾಡುತ್ತಾರೆ ಅಷ್ಟೆ.

ಇದನ್ನು ಕೇಳಿ ನಮಗೆಲ್ಲ ಖುಷಿಯಾಯಿತು. ಹಾಡು ಕಲಿಯಬೇಕಾದವರು ಮೂರು ಜನ, ಸಂಗೀತ ಒಂದು ಗಂಟೆಯೊಳಗೆ ಮುಗಿಯುತ್ತದೆ, ಉಳಿದವರು ಬರೀ ಮಾತಾಡಿದರೆ ಆಯಿತು. ಮಾತಾಡುವುದೇನು ಮಹಾ? ಎಡವಟ್ಟು ಶುರುವಾದದ್ದೇ ಇಲ್ಲಿಂದ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಹಸನ್ ಖಲೀಫನ ಮೆಚ್ಚಿನವನು, ಆದರೆ ಕೈ ಬಿಚ್ಚಿ ಖರ್ಚು ಮಾಡಿ ಮನೆಯಲ್ಲಿ ಬ್ರೆಡ್ಡು ಮತ್ತು ನೀರು ಬಿಟ್ಟರೆ ಏನೂ ಉಳಿದಿಲ್ಲ. ಗಂಡ ಹೆಂಡತಿ ಒಂದು ಉಪಾಯ ಹೂಡುತ್ತಾರೆ. ಫಾತಿಮೆ ಬೇಗಂ ಹತ್ತಿರ ಹೋಗಿ ‘ಗಂಡ ಸತ್ತ’ ಅಂತ ಅತ್ತು ಶವಸಂಸ್ಕಾರದ ದುಡ್ಡು ತರುವುದು. ಹಸನ್ ಖಲೀಫನ ಹತ್ತಿರ ಹೋಗಿ ‘ಹೆಂಡತಿ ಸತ್ತಳು’ ಅಂತ ಇನ್ನಷ್ಟು ತರುವುದು. ಅಷ್ಟರಲ್ಲಿ ಸಾಲಗಾರರು ಬಾಗಿಲಿಗೆ ಬರುತ್ತಾರೆ. ಫಾತಿಮೆಯ ಮೇಲೆ ಕಣ್ಣಿಟ್ಟಿರುವ ಓಮರ್‌ನನ್ನು ಉಬ್ಬಿಸಿ ಆ ಸಾಲವನ್ನೆಲ್ಲ ಅವನ ಕೈಯಿಂದಲೇ ತೀರಿಸಿಬಿಡುತ್ತಾರೆ. ಅತ್ತ ಅರಮನೆಯಲ್ಲಿ ಖಲೀಫನಿಗೂ ಬೇಗಂಗೂ ಜಗಳ: ಸತ್ತದ್ದು ಗಂಡನೋ ಹೆಂಡತಿಯೋ? ಖಲೀಫನ ಕಡೆಯವನು ನೋಡಲು ಬಂದಾಗ ಫಾತಿಮೆ ಹೆಣದ ಹಾಗೆ ಮಲಗುತ್ತಾಳೆ. ಬೇಗಂ ಕಡೆಯವಳು ಬಂದಾಗ ಹಸನ್ ಮಲಗುತ್ತಾನೆ. ಕೊನೆಗೆ ಖಲೀಫ ದಂಪತಿಯೇ ಬರುತ್ತಾರೆ. ಇಬ್ಬರೂ ಬಿದ್ದುಕೊಂಡಿದ್ದಾರೆ. ‘ಯಾರು ಮೊದಲು ಸತ್ತರು ಅಂತ ಹೇಳಿದವರಿಗೆ ಸಾವಿರ ಚಿನ್ನದ ನಾಣ್ಯ’ ಅಂತ ಖಲೀಫ ಅಂದದ್ದೇ ತಡ, ಹೆಣ ಎದ್ದು ಕೂರುತ್ತದೆ, ಬಹುಮಾನ ನನಗೇ ಅಂತ.

ಮೊದಲ ಓದು

ಜನವರಿಯಿಂದ ಹಾಡಿನ ಅಭ್ಯಾಸ ಚೆನ್ನಾಗಿ ನಡೆಯಿತು. ಹಸನ್ ಪಾತ್ರದವನು ಒಂದು ಕಚೇರಿಯಲ್ಲಿ ಲೆಕ್ಕ ನೋಡುವವನು, ಒಳ್ಳೆಯ ದನಿ. ಫಾತಿಮೆ ಸಂಗೀತ ಶಾಲೆಯಲ್ಲಿ ಕಲಿತವಳು. ಓಮರ್ ನಿವೃತ್ತ ಮೇಷ್ಟ್ರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಹಸನ್‌ನ ದೊಡ್ಡ ಹಾಡಿಗೆ ವೇಬರ್ ಎರಡು ಗಿಟಾರ್ ಬೇಕು ಅನ್ನುತ್ತಾನೆ. ಅದಕ್ಕೂ ಇಬ್ಬರು ಹುಡುಗರು ಸಿಕ್ಕರು. ಮಾರ್ಚ್ ಹೊತ್ತಿಗೆ ಹಾಡುಗಳೆಲ್ಲ ಬಾಯಿಗೆ ಬಂದಿದ್ದವು.

ಮಾತಿನ ಪುಸ್ತಕ ಮೊದಲ ಸಲ ತೆರೆದದ್ದು ಆಗ. ಪ್ರದರ್ಶನಕ್ಕೆ ಎರಡೂವರೆ ತಿಂಗಳು ಬಾಕಿ.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಗಂಡ ಹೆಂಡತಿಯ ಮೊದಲ ಯುಗಳ ಹಾಡು ಮುಗಿಯಿತು. ಅಲ್ಲಿಯವರೆಗೆ ಕೈ ಆಡಿಸಿ, ಕಣ್ಣು ಹೊಳೆಯಿಸಿ ಹಾಡಿದ ಹಸನ್, ಪಿಯಾನೊ ನಿಂತ ಕೂಡಲೇ ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಪುಸ್ತಕ ನೋಡಿ, ಬ್ಯಾಂಕಿನ ನೋಟಿಸು ಓದುವ ದನಿಯಲ್ಲಿ ತನ್ನ ಮಾತು ಒಪ್ಪಿಸಿದ. ಫಾತಿಮೆಯದ್ದು ತದ್ವಿರುದ್ಧ. ಹಾಡಿದಾಗ ಹಾಲ್ ತುಂಬುವ ಹೆಂಗಸು, ಮಾತಾಡಿದರೆ ಮೂರನೇ ಸಾಲಿಗೆ ಕೇಳುತ್ತಿರಲಿಲ್ಲ. ಹಾಡುವ ಗಂಟಲನ್ನು ಕಾಪಾಡಿಕೊಳ್ಳಬೇಕು ಅಂತ ಮಾತನ್ನು ಪಿಸುಗುಡುವ ಅಭ್ಯಾಸ ಅವಳಿಗೆ. ಮಾತಿನಿಂದ ಹಾಡಿಗೆ ಹೋಗುವಾಗ ದನಿ ಎರಡು ಮೆಟ್ಟಿಲು ಹಾರಿದ ಹಾಗೆ ಕೇಳುತ್ತಿತ್ತು. ಓಮರ್ ಮೇಷ್ಟ್ರು ಮಾತ್ರ ಪಾಠ ಮಾಡುವ ಹಾಗೆ ನಿಧಾನಕ್ಕೆ, ಸ್ಪಷ್ಟವಾಗಿ, ಒಂದೇ ಏರಿಳಿತದಲ್ಲಿ ಹೇಳಿಕೊಂಡು ಹೋದರು.

ಮೆಸ್ರೂರ್ ಪಾತ್ರಕ್ಕೆ ಯಾರೂ ಸಿಗದೆ ನನ್ನನ್ನೇ ಹಾಕಿದ್ದರು. ಹಾಡುವಾಗ ನಾನು ಯಾವ ದೇಶದವನು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸ್ವರ, ತಾಳ, ಅಕ್ಷರ ಎಲ್ಲ ಮೊದಲೇ ಕೊಟ್ಟಿರುತ್ತಾರೆ, ಅದರೊಳಗೆ ನಾನು ಅಡಗಿಕೊಳ್ಳಬಹುದು. ಮಾತಿಗೆ ಅಂಥ ಮರೆ ಇಲ್ಲ. ಮೊದಲ ವಾಕ್ಯಕ್ಕೇ ಉಡುಪಿ ಬಸ್ ಸ್ಟ್ಯಾಂಡು ಹೊರಗೆ ಬಂತು. ಯಾರೂ ನಗಲಿಲ್ಲ, ಜರ್ಮನ್ನರು ಮರ್ಯಾದಸ್ಥರು. ನಕ್ಕಿದ್ದರೆ ಒಳ್ಳೆಯದಿತ್ತು.

ಒಟ್ಟು ಓದಲು ಹಿಡಿದ ಸಮಯ ಸಂಗೀತದಷ್ಟೇ ಆಯಿತು. ಇನ್ನೂರು ವರ್ಷ ಹಿಂದಿನ ಭಾಷೆ, ಉದ್ದುದ್ದ ವಾಕ್ಯ, ಜರ್ಮನ್‌ನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅದು ಬರುವ ಹೊತ್ತಿಗೆ ಕರ್ತೃ ಯಾರು ಅಂತಲೇ ಮರೆತಿರುತ್ತದೆ.

ಕತ್ತರಿ

ಮೊದಲ ತೀರ್ಮಾನ ಯಾರು ಬೇಕಾದರೂ ಮಾಡುವಂಥದ್ದು. ಮಾತು ಪೂರ್ತಿ ತೆಗೆದುಬಿಡೋಣ, ಹಾಡುಗಳ ನಡುವೆ ಒಬ್ಬರು ನಿಂತು ಕತೆ ಹೇಳಲಿ. ಸಂಗೀತ ಕಛೇರಿ ರೂಪದಲ್ಲಿ ಜಿಂಗ್‌ಷ್ಪೀಲ್ ಹಾಡುವಾಗ ಬಹಳ ಕಡೆ ಹೀಗೇ ಮಾಡುತ್ತಾರೆ, ತಪ್ಪೇನಿಲ್ಲ. ನಮ್ಮಲ್ಲಿ ಚಂದ ಮಾತಾಡುವ ಒಬ್ಬ ಹೆಂಗಸಿದ್ದರು. ಹತ್ತು ಹನ್ನೆರಡು ಸಣ್ಣ ತುಣುಕು ಬರೆದುಕೊಂಡು ಬಂದರು, ತಮಾಷೆಯಾಗಿಯೂ ಇತ್ತು.

ಒಂದು ಭಾನುವಾರ ಮನೆಯವರನ್ನೆಲ್ಲ ಕರೆದು ಹಾಗೇ ಆಡಿ ತೋರಿಸಿದೆವು. ಹಾಡಿಗೆ ಚಪ್ಪಾಳೆ ಬಂತು. ನಗು ಬರಲಿಲ್ಲ. ಎಲ್ಲೂ ಬರಲಿಲ್ಲ. ಮುಗಿದ ಮೇಲೆ ಹಸನ್ ಪಾತ್ರದವನ ಹತ್ತು ವರ್ಷದ ಮಗಳು ಕೇಳಿದಳು: ‘ಅಪ್ಪ, ನೀನು ಸತ್ತ ಹಾಗೆ ಮಲಗ್ತೀಯ ಅಂದ್ಯಲ್ಲ, ಯಾವಾಗ ಮಲಗಿದ್ದು?’

ಆ ಮಗುವಿನ ಪ್ರಶ್ನೆ ಹಿಡಿದುಕೊಂಡು ನಿರ್ದೇಶಕಿ ಮಾರನೇ ವಾರ ಪುಸ್ತಕವನ್ನು ಹೊಸದಾಗಿ ನೋಡಿದರು. ಪ್ರತಿ ಹಾಡಿನಲ್ಲಿ ಏನು ನಡೆಯುತ್ತದೆ, ಪ್ರತಿ ಮಾತಿನ ಭಾಗದಲ್ಲಿ ಏನು ನಡೆಯುತ್ತದೆ ಅಂತ ಎರಡು ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿದರು. ಸಾಲಗಾರರು ಬರುವುದು, ಓಮರ್ ಫಾತಿಮೆಯ ಹತ್ತಿರ ಸರಸ ಆಡುವುದು, ಅವನನ್ನು ಒಳಕೋಣೆಯಲ್ಲಿ ಕೂಡಿಹಾಕಿ ಗಂಡ ಹೆಂಡತಿ ಆಟ ಆಡಿಸುವುದು, ಇಷ್ಟೂ ಹಾಡಿನಲ್ಲಿದೆ. ಆದರೆ ಉಪಾಯ ಹೂಡುವುದು ಮಾತಿನಲ್ಲಿ. ಮೆಸ್ರೂರ್ ಬಂದು ಹೆಣ ನೋಡಿ ಹೋಗುವುದು ಮಾತಿನಲ್ಲಿ. ಕೊನೆಯಲ್ಲಿ ‘ಯಾರು ಮೊದಲು ಸತ್ತರು’ ಅನ್ನುವ ಪ್ರಶ್ನೆ, ಹೆಣ ಎದ್ದು ಕೂರುವುದು, ಎಲ್ಲ ಮಾತಿನಲ್ಲಿ. ಖಲೀಫ ಹಾಡುವುದೇ ಇಲ್ಲ. ಮಾತು ತೆಗೆದರೆ ರಾಜನೇ ಇಲ್ಲದ ಆಟ ಆಗುತ್ತದೆ.

ಅಂದರೆ ನಗೆ ಪೂರ್ತಿ ಮಾತಿನೊಳಗೆ ಕೂತಿತ್ತು, ನಾವು ಅದನ್ನೇ ಕಿತ್ತು ಹಾಕಿದ್ದೆವು. ಸತ್ತ ಹಾಗೆ ಮಲಗಿದವನನ್ನು ಕಣ್ಣಾರೆ ನೋಡಿದರೆ ನಗು ಬರುತ್ತದೆ. ‘ಆಮೇಲೆ ಅವನು ಸತ್ತ ಹಾಗೆ ಮಲಗಿದ’ ಅಂತ ಪಕ್ಕದಲ್ಲಿ ನಿಂತು ಯಾರೋ ಹೇಳಿದರೆ ಯಾರು ನಗುತ್ತಾರೆ?

ಸಾಲದ ಹಾಡು

ಇದೇ ಹೊತ್ತಿಗೆ ಇನ್ನೊಂದು ಸಣ್ಣ ತಿರುವು ಬಂತು. ಅದು ಹಾಡಿನ ಬಗ್ಗೆಯೇ, ಆದರೆ ಮಾತಿನ ಸಮಸ್ಯೆಗೂ ದಾರಿ ತೋರಿಸಿತು.

ಸಾಲಗಾರರ ಮೇಳದ ಹಾಡು ‘ಗೆಲ್ಟ್! ಗೆಲ್ಟ್! ಗೆಲ್ಟ್!’ ಅಂತ ಶುರುವಾಗುತ್ತದೆ. ಗೆಲ್ಟ್ ಅಂದರೆ ದುಡ್ಡು. ಗಂಡಸರ ದನಿ ಮಾತ್ರ, ಇನ್ನು ಕಾಯುವುದಿಲ್ಲ ಅಂತ ಕೂಗು. ನಾವು ಅದನ್ನು ಚರ್ಚಿನಲ್ಲಿ ಹಾಡುವ ಹಾಗೆ, ದನಿಗೆ ದನಿ ಕೂಡಿಸಿ, ಕೊನೆಯ ‘ಟ್’ ಎಲ್ಲರೂ ಒಟ್ಟಿಗೆ ಮುಚ್ಚಿ, ನೀಟಾಗಿ ಹಾಡುತ್ತಿದ್ದೆವು. ನಿರ್ದೇಶಕಿ ನಿಲ್ಲಿಸಿ ಒಂದು ವಿಷಯ ಹೇಳಿದರು.

ಈ ಆಪೆರಾ ಬರೆಯುವ ಸ್ವಲ್ಪ ಮೊದಲು ವೇಬರ್ ಸ್ಟುಟ್‌ಗಾರ್ಟ್‌ನಲ್ಲಿ ಒಬ್ಬ ಡ್ಯೂಕನ ಕಾರ್ಯದರ್ಶಿ ಆಗಿದ್ದ. ಸಾಲ ಕುತ್ತಿಗೆವರೆಗೆ ಬಂದಿತ್ತು. ಹಣದ ವ್ಯವಹಾರ ಕೆಟ್ಟು 1810ರ ಫೆಬ್ರವರಿಯಲ್ಲಿ ಅವನನ್ನು ಬಂಧಿಸಿದರು, ಆಮೇಲೆ ಆ ರಾಜ್ಯದಿಂದಲೇ ಹೊರಗೆ ಹಾಕಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಈ ಆಪೆರಾ ಕೈಗೆತ್ತಿಕೊಂಡಾಗ ಅವನು ಎಲ್ಲಕ್ಕಿಂತ ಮೊದಲು ಬರೆದದ್ದು ಯಾವ ಹಾಡು ಗೊತ್ತಾ? ಇದೇ ಸಾಲಗಾರರ ಹಾಡು. ‘ಹುಡುಗ ಈ ಕೂಗನ್ನು ಬಾಗಿಲಾಚೆ ನಿಜವಾಗಿ ಕೇಳಿದವನು’ ಅಂದರು ನಿರ್ದೇಶಕಿ. ‘ನಿಮಗೆ ಯಾರಾದರೂ ದುಡ್ಡು ಕೊಡಬೇಕಾ? ಅವನನ್ನು ನೆನೆದುಕೊಂಡು ಹಾಡಿ.’

ನನಗೆ ಹಳೆಯ ರೂಂಮೇಟ್ ಒಬ್ಬ ನೆನಪಾದ. ಪಕ್ಕದಲ್ಲಿದ್ದ ಬಡಗಿಗೆ ಒಂದು ದೊಡ್ಡ ಬಿಲ್ಲು ಬಾಕಿ ಇತ್ತಂತೆ. ಮುಂದಿನ ಸಲ ಹಾಡಿದಾಗ ದನಿ ಕೂಡಲಿಲ್ಲ, ಆದರೆ ಕಿಟಕಿ ಅದುರಿತು. ಕಂಡಕ್ಟರ್‌ಗೆ ಸ್ವಲ್ಪ ಬೇಜಾರಾಯಿತು. ಎರಡು ವಾರ ಇದೇ ಎಳೆದಾಟ. ಕೊನೆಗೆ ಒಪ್ಪಂದವಾಯಿತು: ಮೊದಲ ಮೂರು ‘ಗೆಲ್ಟ್’ ಕೂಗು, ಅಲ್ಲಿಂದ ಮುಂದೆ ಹಾಡು.

ಆ ದಿನದಿಂದ ಮೇಳದವರಿಗೆ ತಾವು ಹಾಡುಗಾರರ ಜೊತೆ ಪಾತ್ರಗಳೂ ಹೌದು ಅಂತ ಹೊಳೆಯಿತು. ಮಾತಿನ ಭಾಗದವರಿಗೆ ಮಾತ್ರ ಅದು ಇನ್ನೂ ಹೊಳೆದಿರಲಿಲ್ಲ.

ಮೇಷ್ಟ್ರು ಮರೆತದ್ದು

ಮಾತನ್ನು ಮರಳಿ ತರುವುದು ಅಂತ ಆಯಿತು, ಆದರೆ ಮೂಲದ ಮೂರನೇ ಒಂದು ಭಾಗಕ್ಕೆ ಇಳಿಸಿ. ನಿರ್ದೇಶಕಿ ಇವತ್ತಿನ ಜರ್ಮನ್‌ನಲ್ಲಿ ಸಣ್ಣ ಸಣ್ಣ ವಾಕ್ಯ ಮಾಡಿಕೊಟ್ಟರು. ವಾರಕ್ಕೊಂದು ಸಂಜೆ ಪಿಯಾನೊ ಮುಚ್ಚಿ ಬರೀ ಮಾತಿನ ಅಭ್ಯಾಸ. ಸುಧಾರಿಸಿತು, ಆದರೂ ಒಣ ಒಣ.

ಒಂದು ಸಂಜೆ ಓಮರ್ ಮೇಷ್ಟ್ರಿಗೆ ಮಾತು ಮರೆತುಹೋಯಿತು. ಫಾತಿಮೆಗೆ ಸಾಲದ ಚೀಟಿ ಕೊಡುವ ಜಾಗ. ಒಂದು ಕ್ಷಣ ಬಾಯಿ ಬಿಟ್ಟು ನಿಂತರು. ಆಮೇಲೆ ಏನನ್ನಿಸಿತೋ, ಅಲ್ಲಿನ ಆಡುಮಾತಿನಲ್ಲಿ, ಶ್ವಾಬಿಷ್‌ನಲ್ಲಿ, ಶುರು ಮಾಡಿದರು. ಶ್ವಾಬಿಷ್‌ನಲ್ಲಿ ಮುದ್ದಿಗೆ ಎಲ್ಲದಕ್ಕೂ ‘ಲೆ’ ಸೇರಿಸುತ್ತಾರೆ. ಪುಸ್ತಕದಲ್ಲಿ ‘ವೈಬ್‌ಷೆನ್’ ಅಂತ ಇದ್ದ ಹೆಂಡತಿ ‘ವೈಬ್ಲೆ’ ಆದಳು, ದುಡ್ಡು ‘ಗೆಲ್ಟ್‌ಲೆ’ ಆಯಿತು, ಪ್ರತಿ ವಾಕ್ಯದ ಕೊನೆಗೊಂದು ‘ಗೆಲ್?’ ಬಂತು, ನಾವು ‘ಅಲ್ವಾ?’ ಅನ್ನುವ ಹಾಗೆ. ಜರ್ಮನಿಯಲ್ಲಿ ಶ್ವಾಬರೆಂದರೆ ಕೈಬಿಗಿ ಜನ ಅಂತ ಒಂದು ಹಳೆಯ ತಮಾಷೆ ಇದೆ. ದುಡ್ಡು ಕೈಬಿಡಲಾರದೆ ಒದ್ದಾಡುವ ಬಡ್ಡಿಯವನು ಶ್ವಾಬಿಷ್‌ನಲ್ಲಿ ‘ಗೆಲ್ಟ್‌ಲೆ’ ಅಂದಾಗ, ಶ್ವಾಬರೇ ತುಂಬಿದ್ದ ಆ ಕೋಣೆ ಬಿದ್ದು ಬಿದ್ದು ನಕ್ಕಿತು. ಕುಂದಾಪುರದಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಿದ್ದ ಪಾತ್ರವೊಂದು ಇದ್ದಕ್ಕಿದ್ದ ಹಾಗೆ ಕುಂದಗನ್ನಡಕ್ಕೆ ಇಳಿದರೆ ಏನಾಗುತ್ತದೋ ಅದೇ.

ಮೇಷ್ಟ್ರಿಗೆ ನಾಚಿಕೆಯಾಯಿತು, ‘ಕ್ಷಮಿಸಿ’ ಅಂದರು. ನಿರ್ದೇಶಕಿ ‘ಇನ್ನೊಂದು ಸಲ ಹಾಗೇ ಹೇಳಿ’ ಅಂದರು.

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ದೊಡ್ಡ ತಿರುವು ಇದು. ಆ ರಾತ್ರಿಯೇ ನಿರ್ಧಾರವಾಯಿತು: ಪ್ರತಿಯೊಬ್ಬರೂ ತಮ್ಮ ಮನೆಯ ಮಾತಿನಲ್ಲೇ ಮಾತಾಡುವುದು. ಓಮರ್ ಶ್ವಾಬಿಷ್. ಫಾತಿಮೆ ಉತ್ತರದವಳು, ಅವಳದ್ದು ಅವಳ ಮಾತು. ಖಲೀಫ ಮಾತ್ರ ಪುಸ್ತಕದ ಶುದ್ಧ ಜರ್ಮನ್, ರಾಜನಲ್ವಾ. ನನ್ನ ಗತಿ ಏನು ಅಂತ ಕೇಳಿದೆ. ‘ನೀನು ಹೇಗೆ ಮಾತಾಡ್ತೀಯೋ ಹಾಗೆ, ಆದರೆ ಅರ್ಧ ವೇಗದಲ್ಲಿ’ ಅಂದರು. ಮನಸ್ಸು ಹಗುರಾಯಿತು. ಅಲ್ಲಿಯವರೆಗೆ ಉಚ್ಚಾರ ಮುಚ್ಚಿಕೊಳ್ಳಲು ಹೆಣಗಿ ಪಾತ್ರವನ್ನೇ ಮರೆತಿದ್ದೆ. ಒಬ್ಬ ಅರಮನೆಯ ಮನುಷ್ಯ ಹೆಣ ಎಣಿಸಲು ಬಂದಿದ್ದಾನೆ, ಅವನಿಗೆ ಅದು ದಿನನಿತ್ಯದ ಕೆಲಸ, ಅಷ್ಟೆ ತಾನೆ?

ಬಾಗ್ದಾದಿನ ವೇಷದ ಪ್ರಶ್ನೆಯೂ ಇದರ ಜೊತೆಗೇ ಬಗೆಹರಿಯಿತು. ಮೊದಲು ಪೇಟ, ಅಂಟಿಸಿದ ಗಡ್ಡ, ಮೂತಿ ಚೂಪಾದ ಚಪ್ಪಲಿ ಬಾಡಿಗೆಗೆ ತರುವ ಯೋಚನೆ ಇತ್ತು. ವಯೋಲ ನುಡಿಸುವ ಒಬ್ಬ ಹುಡುಗನ ಮನೆಯವರು ಅರಬ್ ದೇಶದಿಂದ ಬಂದವರು. ಅವನು ಒಂದೇ ಮಾತು ಕೇಳಿದ: ‘ನಮ್ಮಪ್ಪ ಮುಂದಿನ ಸಾಲಲ್ಲಿ ಕೂತಿರ್ತಾರೆ, ಅವರು ಯಾರನ್ನು ನೋಡಿ ನಗಬೇಕು?’ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎಲ್ಲರೂ ಈಗಿನ ಬಟ್ಟೆ, ಸಾಲಗಾರರ ಕಂಕುಳಲ್ಲಿ ಕಚೇರಿಯ ಫೈಲು. ಬಾಡಿಗೆ ಉಳಿಯಿತು ಅಂತ ಖಜಾಂಚಿ ಎಲ್ಲರಿಗಿಂತ ಜಾಸ್ತಿ ಸಂತೋಷಪಟ್ಟರು. ಅವರೂ ಶ್ವಾಬರೇ.

ಸಡಿಲ ಬಿಟ್ಟದ್ದು ಹೆಚ್ಚಾಯಿತು

ಈಗ ಹೊಸ ತೊಂದರೆ. ಒಮ್ಮೆ ನಗು ಬಂದ ಮೇಲೆ ಮೇಷ್ಟ್ರನ್ನು ಹಿಡಿಯುವವರಿಲ್ಲ. ಪ್ರತಿ ಅಭ್ಯಾಸಕ್ಕೂ ಹೊಸ ಮಾತು. ಹಸನ್ನೂ ಶುರು ಹಚ್ಚಿಕೊಂಡ. ಮಾತಿನ ಅಭ್ಯಾಸದಲ್ಲಿ ಇದರಿಂದ ತೊಂದರೆ ಇರಲಿಲ್ಲ, ಎಲ್ಲರಿಗೂ ಮಜವೇ. ಆದರೆ ಆ ಅಭ್ಯಾಸದ ಸಂಜೆಗಳಲ್ಲಿ ಕಂಡಕ್ಟರ್ ಇರುತ್ತಿರಲಿಲ್ಲ, ವಾದ್ಯದವರೂ ಇರುತ್ತಿರಲಿಲ್ಲ. ಇದು ಯಾರ ಗಮನಕ್ಕೂ ಬರಲಿಲ್ಲ.

ವೇಷ ಸಮೇತ ಕೊನೆಯ ಅಭ್ಯಾಸದ ದಿನ ಪಾಠವಾಯಿತು. ಓಮರ್ ಒಳಕೋಣೆಯಲ್ಲಿ ಅಡಗಿದ್ದಾನೆ. ಹಸನ್ ಮೂಲೆ ಮೂಲೆ ಹುಡುಕುವ ನಾಟಕ ಆಡುವ ಮೂವರ ಹಾಡು ಶುರುವಾಗಬೇಕು. ಫಾತಿಮೆಯ ಒಂದು ವಾಕ್ಯ ಮುಗಿದ ಕೂಡಲೇ ವಾದ್ಯ ಎತ್ತಿಕೊಳ್ಳಬೇಕು. ಅವಳು ಆ ವಾಕ್ಯ ಶುರು ಮಾಡುವಾಗಲೇ ಬಾಗಿಲಾಚೆಯಿಂದ ಮೇಷ್ಟ್ರು ಏನೋ ಒಂದು ಹೊಸ ಮಾತು ಎಸೆದರು. ಎಲ್ಲರೂ ನಕ್ಕರು, ವಾದ್ಯದವರೂ ನಕ್ಕರು. ಅವಳ ವಾಕ್ಯ ನಗುವಿನಲ್ಲಿ ಮುಳುಗಿತು. ಕಂಡಕ್ಟರ್ ಕೋಲು ಎತ್ತಿ ಕಾದರು. ಹಸನ್ ಕಾಯದೆ ಹಾಡಿದ. ಪಿಟೀಲಿನ ಅರ್ಧ ಜನ ಅವನ ಹಿಂದೆ ಹೋದರು, ಉಳಿದರ್ಧ ಕೋಲು ನೋಡಿಕೊಂಡು ಕೂತರು. ಆರು ಪಟ್ಟಿ (ನಮ್ಮ ತಾಳದ ಆವರ್ತದ ಹಾಗೆ ಒಂದು ಅಳತೆ) ಹೋಗುವಷ್ಟರಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಕಂಡಕ್ಟರ್ ಕೋಲು ಕೆಳಗಿಟ್ಟು ಹೊರಗೆ ಹೋಗಿ ಹತ್ತು ನಿಮಿಷ ನಡೆದಾಡಿ ಬಂದರು. ‘ನಾಳೆಯಿಂದ ಪುಸ್ತಕದಲ್ಲಿ ಇರುವುದನ್ನು ಬಿಟ್ಟು ಒಂದಕ್ಷರ ಹೆಚ್ಚು ಬೇಡ’ ಅಂದರು.

ಪ್ರದರ್ಶನಕ್ಕೆ ನಾಲ್ಕು ದಿನ. ಮೇಷ್ಟ್ರು ಮುಖ ಊದಿಸಿಕೊಂಡರು. ಹಾಗೆ ಮಾಡಿದ್ದರೆ ಮಾರ್ಚ್ ತಿಂಗಳ ಒಣ ಓದಿಗೇ ವಾಪಸ್ ಹೋಗುತ್ತಿದ್ದೆವು.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ನನ್ನ ಮಾವನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವರು ಹವ್ಯಾಸಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಆಪೆರಾ ಎಂದರೆ ಏನು ಅಂತ ಅವರಿಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಆದರೆ ಕತೆ ಕೇಳಿ ನಕ್ಕರು.

‘ಅಲ್ಲ ಮಾರಾಯ, ಅರ್ಥ ಎಷ್ಟು ಬೇಕಾದ್ರೂ ಬೆಳೆಸಲಿ. ಎತ್ತುಗಡೆ ಸರಿ ಕೊಡದಿದ್ರೆ ಭಾಗವತರು ಎಂತ ಮಾಡುದು?’

‘ಅದೇ ಮಾವ, ಇಲ್ಲಿ ಹಾಗೆ ಒಂದು ಇದೆ ಅಂತ ಯಾರಿಗೂ ಗೊತ್ತಿಲ್ಲ.’

‘ಗೊತ್ತಿಲ್ಲದಿದ್ರೆ ಹೇಳು ನೀನು.’

ತಾಳಮದ್ದಳೆ ಕೇಳದವರಿಗೆ: ಅಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ತನಗೆ ತೋಚಿದಷ್ಟು, ತೋಚಿದ ಹಾಗೆ ಮಾತಾಡುತ್ತಾನೆ. ಬರೆದಿಟ್ಟ ಮಾತಿಲ್ಲ. ಆದರೆ ಮುಂದಿನ ಪದ್ಯಕ್ಕೆ ಹೋಗುವ ಮೊದಲು ಅವನು ಭಾಗವತರಿಗೆ ತಿಳಿಯುವ ಹಾಗೆ ಮಾತನ್ನು ಆ ಪದ್ಯದ ಬಾಗಿಲಿಗೆ ತಂದು ನಿಲ್ಲಿಸಬೇಕು. ಅದೇ ಎತ್ತುಗಡೆ. ನಡುವೆ ಎಷ್ಟು ಸ್ವಾತಂತ್ರ್ಯವೋ, ಅಲ್ಲಿ ಅಷ್ಟೇ ಬಿಗಿ.

ಮಾರನೇ ದಿನ ಇದನ್ನು ನನ್ನ ಮುರುಕು ಜರ್ಮನ್‌ನಲ್ಲಿ ನಿರ್ದೇಶಕಿಗೂ ಕಂಡಕ್ಟರ್‌ಗೂ ವಿವರಿಸಿದೆ. ಜರ್ಮನ್ ರಂಗಭೂಮಿಯಲ್ಲೂ ಇದಕ್ಕೊಂದು ಪದ ಇದೆ, ಷ್ಟಿಷ್‌ವೊರ್ಟ್, ಮುಂದಿನವನಿಗೆ ಸೂಚನೆ ಕೊಡುವ ಮಾತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಇಲ್ಲಿವರೆಗೆ ಒಂದೋ ಪೂರ್ತಿ ಬರೆದದ್ದು, ಇಲ್ಲವೋ ಪೂರ್ತಿ ಸಡಿಲ, ಈ ಎರಡೇ ದಾರಿ ಅಂತ ಎಲ್ಲರೂ ಜಗಳ ಆಡುತ್ತಿದ್ದರು. ಹಾಡಿಗೆ ಮುಂಚಿನ ಕೊನೆಯ ಎರಡು ವಾಕ್ಯ ಮಾತ್ರ ಕಲ್ಲು, ಉಳಿದದ್ದು ನೀರು ಅಂದಾಗ ಇಬ್ಬರ ಮುಖವೂ ಸಡಿಲವಾಯಿತು.

ಮಿಕ್ಕ ಮೂರು ಸಂಜೆ ಬೇರೇನೂ ಮಾಡಲಿಲ್ಲ. ಹಾಡೂ ಇಲ್ಲ, ಮಾತೂ ಇಲ್ಲ, ಬರೀ ಕೀಲು. ಕೊನೆಯ ಎರಡು ವಾಕ್ಯ, ಉಸಿರು, ವಾದ್ಯದ ಮೊದಲ ಎರಡು ಪಟ್ಟಿ, ನಿಲ್ಲಿಸು. ಮುಂದಿನದು. ಪುಸ್ತಕದಲ್ಲಿ ಆ ವಾಕ್ಯಗಳಿಗೆ ಕೆಂಪು ಪೆನ್ಸಿಲ್. ಆ ಎರಡು ವಾಕ್ಯದ ಹೊತ್ತಿಗೆ ವೇದಿಕೆಯಲ್ಲಿ ಬೇರೆ ಯಾರೂ ಬಾಯಿ ಬಿಡುವ ಹಾಗಿಲ್ಲ, ಕೈಯನ್ನೂ ಆಡಿಸುವ ಹಾಗಿಲ್ಲ. ಫಾತಿಮೆಯ ಪಿಸುಮಾತಿಗೂ ಇಲ್ಲೇ ಮದ್ದು ಸಿಕ್ಕಿತು: ಕೊನೆಯ ವಾಕ್ಯವನ್ನು ಹಾಡಿನ ಮೊದಲ ಸ್ವರದ ಎತ್ತರದಲ್ಲೇ ಹೇಳು ಅಂದರು ಕಂಡಕ್ಟರ್. ದನಿ ಹಾರುವುದು ನಿಂತಿತು.

ಆದದ್ದು

ಎರಡು ಸಂಜೆ ಆಡಿದೆವು. ಮೊದಲ ಸಂಜೆ ಬಿಗಿಯಾಗಿ ಹೋಯಿತು, ನಗು ಬಂತು, ಕೀಲು ಎಲ್ಲೂ ಕಳಚಲಿಲ್ಲ. ಎರಡನೇ ಸಂಜೆ ಧೈರ್ಯ ಜಾಸ್ತಿಯಾಗಿ ಮೇಷ್ಟ್ರು ಒಂದು ಕಡೆ ಐದು ನಿಮಿಷ ಎಳೆದರು. ಎರಡನೇ ನಿಮಿಷಕ್ಕೆ ಜನ ನಗುವುದು ನಿಲ್ಲಿಸಿದ್ದರು, ಅದು ಅವರಿಗೆ ಕೇಳಲಿಲ್ಲ. ಆದರೂ ಕೆಂಪು ವಾಕ್ಯಕ್ಕೆ ಸರಿಯಾಗಿ ಬಂದು ಇಳಿದರು, ವಾದ್ಯ ಎತ್ತಿಕೊಂಡಿತು.

ನನ್ನ ಮೆಸ್ರೂರ್‌ಗೆ ನಗು ಬಂದದ್ದು ನಾನು ಅಂದುಕೊಂಡ ಜಾಗದಲ್ಲಲ್ಲ. ಸತ್ತು ಮಲಗಿದ ಫಾತಿಮೆಯನ್ನು ನೋಡಿ ನಾನು ಕಿಸೆಯಿಂದ ಚೀಟಿ ತೆಗೆದು, ಕನ್ನಡಕ ಸರಿಪಡಿಸಿಕೊಂಡು, ಒಂದು ಟಿಕ್ ಹಾಕಿದೆ. ಮಾತೇ ಇಲ್ಲದ ಜಾಗ. ಹಾಲ್ ನಕ್ಕಿತು. ವಯೋಲ ಹುಡುಗನ ಅಪ್ಪ ಮುಂದಿನ ಸಾಲಿನಲ್ಲೇ ಇದ್ದರು, ಅವರೂ ನಕ್ಕರು.

ಎಲ್ಲ ಸರಿಹೋಯಿತು ಅಂತ ಹೇಳುವುದಿಲ್ಲ. ಸತ್ತ ಹಾಗೆ ಮಲಗಿದ ಗಂಡನ ಮುಂದೆ ಫಾತಿಮೆ ಸುಳ್ಳು ಅಳು ಅಳುವ ಒಂದು ಹಾಡಿದೆ. ವೇಬರ್ ಅದನ್ನು ಬಹಳ ತಡವಾಗಿ, 1823ರಲ್ಲಿ ಡ್ರೆಸ್ಡೆನ್‌ನ ಪ್ರದರ್ಶನಕ್ಕೆ ಅಂತ ಸೇರಿಸಿದ್ದು. ಸಂಗೀತ ಚೆಂದ, ಆದರೆ ಓಡುತ್ತಿದ್ದ ನಗೆಗೆ ಅಲ್ಲೊಂದು ಬ್ರೇಕು. ತೆಗೆಯೋಣ ಅಂತ ನಿರ್ದೇಶಕಿ, ತೆಗೆದರೆ ನಾನು ಹಾಡುವುದಿಲ್ಲ ಅಂತ ಫಾತಿಮೆ. ಉಳಿಸಿಕೊಂಡೆವು. ಎರಡೂ ಸಂಜೆ ಅಲ್ಲೇ ಆಟ ಕುಸಿಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಅತಿ ದೊಡ್ಡ ಚಪ್ಪಾಳೆ ಬಂದದ್ದೂ ಅದಕ್ಕೇ. ಯಾರ ಮಾತು ಸರಿ ಅಂತ ತಂಡದಲ್ಲಿ ಈಗಲೂ ವಾದ ಮುಗಿದಿಲ್ಲ.

ಇನ್ನೊಂದು ಸಲ ಆಡಿಸುವುದಾದರೆ ನಾನು ಬದಲಿಸುವುದು ಎರಡು. ಮಾತಿನ ಪುಸ್ತಕವನ್ನು ಮಾರ್ಚ್‌ನಲ್ಲಲ್ಲ, ಹಾಡಿನ ಪುಸ್ತಕದ ಜೊತೆಗೇ, ಮೊದಲ ದಿನವೇ ತೆರೆಯುತ್ತೇನೆ. ನಮ್ಮ ಎರಡು ತಿಂಗಳು ಹಾಳಾದದ್ದು ಅಲ್ಲೇ. ಮತ್ತೆ, ಮಾತಿನ ಅಭ್ಯಾಸಕ್ಕೆ ಕಂಡಕ್ಟರ್ ಬಂದು ಕೂರಲೇಬೇಕು, ಕೆಲಸ ಇಲ್ಲದಿದ್ದರೂ. ಎಲ್ಲಿ ನಗು ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ಗೊತ್ತಿಲ್ಲದವರು ಅದರ ಬಾಲ ಹಿಡಿದು ಹಾಡು ಎತ್ತುವುದು ಹೇಗೆ? ಕತ್ತರಿಸುವ ಮೊದಲು ಕತೆಯ ಯಾವ ಕೆಲಸ ಮಾತಿನಲ್ಲಿ ನಡೆಯುತ್ತದೆ ಅಂತ ಎರಡು ಬಣ್ಣದಲ್ಲಿ ಗುರುತು ಹಾಕಿ ನೋಡುವುದು ಈಗ ನಮ್ಮ ತಂಡದಲ್ಲಿ ರೂಢಿಯೇ ಆಗಿದೆ.

ಮುಂದಿನ ವರ್ಷಕ್ಕೆ ಲೋರ್ಟ್ಸಿಂಗ್ ಅನ್ನುವ ಇನ್ನೊಬ್ಬ ಜರ್ಮನ್ ರಚನಕಾರನ 1842ರ ಒಂದು ನಗೆ ಆಪೆರಾ ಎತ್ತಿಕೊಂಡಿದ್ದಾರೆ. ಅದರಲ್ಲೂ ಹಾಡಿನ ನಡುವೆ ಮಾತಿದೆ. ಕಳೆದ ಮಂಗಳವಾರ ಮೊದಲ ಸಭೆ. ಪಿಯಾನೊ ಮೇಲೆ ಕಾಫಿ ಲೋಟಗಳಿದ್ದವು, ಯಾರೂ ಅದನ್ನು ತೆರೆಯಲಿಲ್ಲ. ಎಲ್ಲರೂ ಮೇಜಿನ ಸುತ್ತ ಕೂತು ಮಾತಿನ ಪುಸ್ತಕ ಬಿಡಿಸಿದರು. ಮೇಷ್ಟ್ರು ಕೆಂಪು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಮೂರನೇ ಪುಟದಲ್ಲಿ ಬೆರಳಿಟ್ಟು ನನ್ನ ಕಡೆ ತಿರುಗಿದರು.

‘ಎಟ್ಟುಗಾಡೆ,’ ಅಂದರು. ‘ಇಲ್ಲೇ, ಗೆಲ್?’